ಪದ್ಯ ಅರ್ಥ ಆಗ್ತದೆ, ಬರೀಲಿಕ್ಕೆ ಕೂತ್ರೆ ಬರೀ ಸಾರಾಂಶ ಬರ್ತದೆ, ಎಂತ ಮಾಡುದು?

ಪ್ರಶ್ನೆ: ನಾನು ಕಾಸರಗೋಡು ಕಡೆಯ ಒಂದು ಕಾಲೇಜಲ್ಲಿ ಕನ್ನಡ ಬಿಎ ಎರಡನೇ ವರ್ಷ. ಮನೆಯಲ್ಲಿ ತುಳು, ಬಸ್ಸಲ್ಲಿ ಅಂಗಡಿಯಲ್ಲಿ ಮಲಯಾಳ, ಕನ್ನಡ ಅಂದ್ರೆ ಕ್ಲಾಸಲ್ಲಿ ಮತ್ತೆ ಕೆಲವು ಫ್ರೆಂಡ್ಸ್ ಹತ್ರ. ಒಂದನೇ ಕ್ಲಾಸಿಂದ ಕನ್ನಡ ಮೀಡಿಯಂ. ಪದ್ಯ ಓದಿದ್ರೆ ಅರ್ಥ ಆಗ್ತದೆ, ಇಷ್ಟವೂ ಆಗ್ತದೆ. ಆದ್ರೆ 'ವಿಮರ್ಶಾತ್ಮಕ ವ್ಯಾಖ್ಯಾನ ಬರೆಯಿರಿ' ಅಂತ ಕೊಟ್ರೆ ಪೆನ್ನು ಓಡುದೇ ಇಲ್ಲ. ಮೊನ್ನೆ ಅಸೈನ್‌ಮೆಂಟಿಗೆ ಮೂರು ಪುಟ ಬರೆದೆ, ಕವಿ ಪರಿಚಯ ಹಾಕಿದೆ, ಅಲಂಕಾರ ಹಾಕಿದೆ, ಛಂದಸ್ಸು ಹೇಳಿದೆ. ಸರ್ 'ಸಾರಾಂಶ ಚೆನ್ನಾಗಿದೆ, ವ್ಯಾಖ್ಯಾನ ಎಲ್ಲಿ?' ಅಂತ ಬರೆದು ಹತ್ತರಲ್ಲಿ ನಾಲ್ಕು ಕೊಟ್ರು. ನನ್ನ ಕನ್ನಡ ವೀಕ್ ಅಂತ ಲೆಕ್ಕವಾ? ಒಳಾರ್ಥ ಅಂತಾರಲ್ಲ, ಅದನ್ನು ಕಂಡು ಹಿಡಿಯುದು ಹೇಗೆ? ಗೈಡ್ ನೋಡಿ ಬರೀಬಹುದಾ? ಪರೀಕ್ಷೆಯಲ್ಲಿ 'ನನಗೆ ಅನಿಸ್ತದೆ' ಅಂತ ಹಾಕಿದ್ರೆ ಮಾರ್ಕ್ ಹೋಗ್ತದಾ?

ಉತ್ತರ: ನಿಮ್ಮ ಮೂರು ಪುಟ ನಾನು ನೋಡ್ಲಿಲ್ಲ, ಆದ್ರೂ ಅದು ಹೇಗಿದ್ದೀತು ಅಂತ ಹೆಚ್ಚುಕಮ್ಮಿ ಹೇಳ್ಬಲ್ಲೆ, ಯಾಕಂದ್ರೆ ವ್ಯಾಲ್ಯುವೇಶನ್‌ಗೆ ಕೂತ ಯಾವ ಕನ್ನಡ ಮೇಷ್ಟ್ರಿಗೂ ಅಂಥ ಉತ್ತರ ಕಟ್ಟುಗಟ್ಟಲೆ ಸಿಗ್ತದೆ. ಸುರುವಿಗೆ ಕವಿಯ ಜನನ, ಊರು, ಕೃತಿಗಳು, ಪ್ರಶಸ್ತಿ. ಮತ್ತೆ 'ಪ್ರಸ್ತುತ ಪದ್ಯದಲ್ಲಿ ಕವಿ ಹೀಗೆ ಹೇಳುತ್ತಾರೆ' ಅಂತ ಪದ್ಯವನ್ನೇ ಗದ್ಯ ಮಾಡಿದ ಒಂದೂವರೆ ಪುಟ. ಮತ್ತೆ ಅಲಂಕಾರಕ್ಕೆ ಒಂದು ಸಾಲು, ಛಂದಸ್ಸಿಗೆ ಒಂದು ಸಾಲು. ಕಡೆಗೆ 'ಹೀಗೆ ಕವಿ ಮನೋಜ್ಞವಾಗಿ, ಹೃದಯಂಗಮವಾಗಿ, ಸ್ವಾರಸ್ಯಪೂರ್ಣವಾಗಿ ಚಿತ್ರಿಸಿದ್ದಾರೆ'. ಇದ್ರಲ್ಲಿ ತಪ್ಪು ಅಂತ ಎಂತದೂ ಇಲ್ಲ, ಎಲ್ಲ ಸರಿಯೇ. ಆದ್ರೆ ಪದ್ಯ ಎಂತ ಹೇಳ್ತದೆ ಅನ್ನುದು ಮಾತ್ರ ಇದ್ರಲ್ಲಿ ಬಂತು, ಅದನ್ನು ಹೇಗೆ ಹೇಳ್ತದೆ, ಹಾಗೆ ಹೇಳಿದ್ರಿಂದ ಓದುವವರಿಗೆ ಎಂತ ಆಗ್ತದೆ ಅನ್ನುದು ಬರ್ಲೇ ಇಲ್ಲ. ನಿಮ್ಮ ಸರ್ ಕೇಳಿದ್ದು ಅದನ್ನೇ.

ಕನ್ನಡ ವೀಕ್ ಅನ್ನುವ ಹೆದರಿಕೆಯನ್ನು ಮೊದಲು ಬಿಡಿಸ್ತೇನೆ, ಯಾಕಂದ್ರೆ ಗಡಿಯಲ್ಲಿ ಓದುವ ಮಕ್ಕಳಿಗೆ ಇದು ತುಂಬ ಆಳಕ್ಕೆ ಇಳಿದು ಕೂತಿರ್ತದೆ, 1956ರಲ್ಲಿ ಈ ಊರು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ಎಲ್ಲ ತಲೆಮಾರಿನವರೂ ಬೆಂಗಳೂರು ಮೈಸೂರಿನವರ ಎದುರು ಕೂತಾಗ ನಮ್ಮದು ಸರಿಯಾದ ಕನ್ನಡ ಹೌದಾ ಅಲ್ವಾ ಅಂತ ಒಂದು ಸಲ ಒಳಗೇ ಕೇಳಿಕೊಂಡವರೇ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂತ ಗೌರವ ಕೊಟ್ಟದ್ದು ಅವರ ಕನ್ನಡಕ್ಕೆ. ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಬೇಂದ್ರೆ ಮನೆಯಲ್ಲಿ ಮರಾಠಿ, ಮಾಸ್ತಿ ಮನೆಯಲ್ಲಿ ತಮಿಳು. ಮನೆಯಲ್ಲಿ ಬೇರೆ ಭಾಷೆ ಇದ್ರೆ ಕನ್ನಡದ ಪದ ಕಿವಿಗೆ ಹೆಚ್ಚು ಬೀಳ್ತದೆ, ಇದನ್ನು ನಾನು ಸಮಾಧಾನಕ್ಕೆ ಹೇಳುದಲ್ಲ, ಕ್ಲಾಸಲ್ಲಿ ನೋಡಿದ್ದು. ಕನ್ನಡ ಮಾತ್ರ ಗೊತ್ತಿದ್ದವರು ಒಂದು ಪದವನ್ನು ದಾಟಿ ಹೋಗ್ತಾರೆ, ನೀವು ಅಲ್ಲೇ ನಿಂತು ಇದು ನಮ್ಮಲ್ಲಿ ಹೀಗಲ್ವಲ್ಲ ಅಂತ ನೋಡ್ತೀರಿ. ವ್ಯಾಖ್ಯಾನಕ್ಕೆ ಬೇಕಾದ್ದೇ ಆ ನಿಲ್ಲುವ ಅಭ್ಯಾಸ. ನಿಮಗೆ ವಾಕ್ಯದಲ್ಲಿ ಅಲ್ಲಿ ಇಲ್ಲಿ ವಿಭಕ್ತಿ ತಪ್ಪಿದ್ರೆ ಅದನ್ನು ತಿದ್ದಲಿಕ್ಕೆ ಬರ್ತದೆ, ಅದಕ್ಕೂ ಈ ನಾಲ್ಕು ಮಾರ್ಕಿಗೂ ಸಂಬಂಧ ಇಲ್ಲ. ಹಾಗೇ ದೊಡ್ಡ ದೊಡ್ಡ ಸಂಸ್ಕೃತ ಪದ ಹಾಕಿದ್ರೆ ಉತ್ತರಕ್ಕೆ ತೂಕ ಬರ್ತದೆ ಅನ್ನುದೂ ಸುಳ್ಳು. 'ಮನೋಜ್ಞ' ಅಂತ ಬರೆದಲ್ಲೆಲ್ಲ ನೀವು ಕಂಡದ್ದನ್ನು ಹೇಳದೆ ತಪ್ಪಿಸಿಕೊಂಡ ಹಾಗೆ ಆಗ್ತದೆ, ಮೌಲ್ಯಮಾಪಕರಿಗೆ ಅದು ಕೂಡ್ಲೆ ಕಾಣ್ತದೆ.

ಮತ್ತೆ ಸಾರಾಂಶವೇ ಯಾಕೆ ಬರ್ತದೆ? ನಮಗೆ ಸಣ್ಣ ಕ್ಲಾಸಿಂದ ಕಲಿಸಿದ್ದೇ ಅದು. ಶಬ್ದಾರ್ಥ, ಅನ್ವಯ, ಭಾವಾರ್ಥ, ಸಾರಾಂಶ, ಈ ಕ್ರಮಕ್ಕೆ ಒಂದು ಒಳ್ಳೆ ಕಾರಣವೂ ಉಂಟು, ಹಳಗನ್ನಡ ಪದ್ಯವನ್ನು ಅನ್ವಯ ಮಾಡದೆ ಓದಲಿಕ್ಕೇ ಆಗುದಿಲ್ಲ, ಪದ ಬಿಡಿಸಿ ಕರ್ತೃ ಕರ್ಮ ಕ್ರಿಯೆ ಸಾಲಾಗಿ ಇಟ್ಟ ಮೇಲೆಯೇ ತಲೆಬುಡ ಸಿಗುದು. ತೊಂದರೆ ಎಲ್ಲಿ ಅಂದ್ರೆ ಅದು ಓದಲಿಕ್ಕೆ ಮಾಡುವ ತಯಾರಿ, ಅದನ್ನೇ ಉತ್ತರ ಅಂತ ಬರೆದು ಬರೆದು ನಮಗೆ ಅಭ್ಯಾಸ ಆಗಿಬಿಟ್ಟಿದೆ. ಅದರ ಮೇಲೆ 'ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ' ಅನ್ನುವ ಪ್ರಶ್ನೆ, ಅದಕ್ಕೆ 'ಈ ಮಾತು ಸ್ವಾರಸ್ಯಕರವಾಗಿ ಮೂಡಿಬಂದಿದೆ' ಅಂತ ಎಲ್ಲದಕ್ಕೂ ಒಂದೇ ಅಚ್ಚಿನ ಕೊನೆ ಸಾಲು. ಸ್ವಾರಸ್ಯ ಎಲ್ಲಿ ಉಂಟು ಅಂತ ಕೇಳಿದ್ದಕ್ಕೆ ಸ್ವಾರಸ್ಯ ಉಂಟು ಅಂತ ಉತ್ತರ! ನಮ್ಮ ಮಲಯಾಳ ಕ್ಲಾಸಿನ ಮಕ್ಕಳಿಗೂ ಆಸ್ವಾದನಕ್ಕುರಿಪ್ಪ್, ಅಂದ್ರೆ ಪದ್ಯ ಓದಿ ಸವಿದದ್ದರ ಟಿಪ್ಪಣಿ, ಬರೀಲಿಕ್ಕೆ ಕೊಡ್ತಾರೆ, ಅಲ್ಲೂ ಇದೇ ಪಾಡು, ಇದು ಕನ್ನಡದ ರೋಗ ಮಾತ್ರ ಅಲ್ಲ.

ಇನ್ನೊಂದು ಕಾರಣ ಹೆದರಿಕೆ. ಸಾರಾಂಶ ಬರೆದ್ರೆ ತಪ್ಪು ಅಂತ ಯಾರೂ ಹೇಳುದಿಲ್ಲ, ಸ್ವಂತ ಮಾತು ಹೇಳಿದ್ರೆ ತಪ್ಪಾದೀತು ಅಂತ ಕೈ ಹಿಂದೆ ಹೋಗ್ತದೆ.

ಆದ್ರೆ ವ್ಯಾಖ್ಯಾನ ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ಲ ಅಂತ ಹೇಳ್ಬೇಡಿ, ನಮ್ಮ ಊರಲ್ಲಿ ಮಳೆಗಾಲದಲ್ಲಿ ದೇವಸ್ಥಾನದ ಚಾವಡಿಯಲ್ಲಿ, ಮನೆಯಂಗಳದಲ್ಲಿ ತಾಳಮದ್ದಳೆ, ಅಂದ್ರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಲ್ಲೇ ನಡೆಸುವ ಯಕ್ಷಗಾನ, ನೋಡದೆ ಬೆಳೆದವರು ಕಮ್ಮಿ. ಭಾಗವತರು ಪದ್ಯ ಹೇಳಿ ನಿಲ್ಲಿಸ್ತಾರೆ, ಪಾತ್ರ ವಹಿಸಿದ ಅರ್ಥಧಾರಿ ಮಾತಿಗೆ ಹೊರಡ್ತಾರೆ. ಹೊಸಬ ಅರ್ಥಧಾರಿ ಆದ್ರೆ ಪದ್ಯದಲ್ಲಿದ್ದದ್ದನ್ನೇ ಗದ್ಯದಲ್ಲಿ ಹೇಳಿ ಕೂತುಬಿಡ್ತಾರೆ, ಕೂತು ಕೇಳುವವರಿಗೆ ಬೋರ್ ಹೊಡೀತದೆ, ಪದ್ಯವೇ ಕೇಳಿ ಆಯ್ತಲ್ಲ. ಪಳಗಿದವರು ಪದ್ಯದ ಒಂದು ಸಂಬೋಧನೆಯನ್ನು ಹಿಡೀತಾರೆ, ಈ ಹೆಸರಿಂದ ಯಾಕೆ ಕರೆದ, ಇಷ್ಟೊತ್ತು ಇಲ್ಲದ ಈ ಹೆಸರು ಈಗ ಯಾಕೆ ಬಂತು ಅಂತ ಅಲ್ಲಿಂದ ಇಡೀ ಪಾತ್ರದ ಮನಸ್ಸನ್ನೇ ಬಿಚ್ಚಿಡ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ರೆಕಾರ್ಡಿಂಗ್ ಸಿಕ್ಕಿದ್ರೆ ಈ ದೃಷ್ಟಿಯಿಂದ ಒಮ್ಮೆ ಕೇಳಿ. ವ್ಯತ್ಯಾಸ ಒಂದೇ, ಅರ್ಥಧಾರಿಗೆ ಪದ್ಯ ಬಿಟ್ಟು ಹಾರಲಿಕ್ಕೆ ಪರವಾನಗಿ ಉಂಟು, ಪರೀಕ್ಷೆಯಲ್ಲಿ ಬರೆಯುವವರಿಗೆ ಇಲ್ಲ. ನೀವು ಹೇಳಿದ ಪ್ರತಿಯೊಂದು ಮಾತಿಗೂ ಪದ್ಯದ ಯಾವ ಪದ ನಿಮ್ಮಿಂದ ಹಾಗೆ ಹೇಳಿಸ್ತು ಅಂತ ತೋರಿಸ್ಲಿಕ್ಕೆ ಬರ್ಬೇಕು. ನನಗೆ ಈ ಇಡೀ ವಿಷಯದಲ್ಲಿ ಹೇಳ್ಲಿಕ್ಕೆ ಇರುವ ದೊಡ್ಡ ಮಾತು ಇದೊಂದೇ, ಉಳಿದದ್ದೆಲ್ಲ ಇದ್ರ ಹಿಂದೆ ಬರ್ತದೆ.

ಮಾತಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ, ಒಂದು ಪದ್ಯ ಇಟ್ಟುಕೊಂಡು ನೋಡುವ. ಎಲ್ಲರಿಗೂ ಗೊತ್ತಿರುವ ಜನಪದ ತ್ರಿಪದಿ, ಮೂರು ಸಾಲಿನ ಪದ್ಯ, ತಕ್ಕೊಳ್ತೇನೆ, ಪಾಠಭೇದ ಉಂಟು, ನಾನು ಹೀಗೆ ಇಟ್ಟುಕೊಳ್ತೇನೆ:

ಬೆಳಗಾಗ ನಾನೆದ್ದು ಯಾರ್ಯಾರ ನೆನೆಯಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮ್ತಾಯ
ಎದ್ದೊಂದು ಗಳಿಗೆ ನೆನೆದೇನ

ಇದ್ರ ಸಾರಾಂಶ ಒಂದೇ ಸಾಲು, ಬೆಳಿಗ್ಗೆ ಎದ್ದ ಕೂಡ್ಲೆ ಭೂಮಿತಾಯಿಯನ್ನು ನೆನೀಬೇಕು ಅಂತ. ಹತ್ತು ಮಾರ್ಕಿಗೆ ಇದನ್ನೇ ಎಳೆದ್ರೆ ಜನಪದರ ಪ್ರಕೃತಿಪ್ರೇಮ, ನಮ್ಮ ಸಂಸ್ಕೃತಿ, ಇಂದಿನ ಯುವಜನಾಂಗ ಅಂತ ಪುಟ ತುಂಬ್ತದೆ, ಪದ್ಯ ಮೊದಲನೇ ಪ್ಯಾರಾದಲ್ಲೇ ಕಾಣೆ ಆಗ್ತದೆ.

ಈಗ ಪದ್ಯದ ಹತ್ರ ಕೂತುಕೊಳ್ಳಿ. ಮೊದಲನೇ ಸಾಲು ಒಂದು ಪ್ರಶ್ನೆ. ಅದ್ರಲ್ಲಿ ಎರಡು ಕೆಲಸ ಉಂಟು, ಏಳುದು ಮತ್ತೆ ನೆನೆಯುದು. ಮೂರನೇ ಸಾಲು ನೋಡಿ, ಅಲ್ಲೂ ಅದೇ ಎರಡು, 'ಎದ್ದೊಂದು ಗಳಿಗೆ ನೆನೆದೇನ'. ಅಂದ್ರೆ ಪ್ರಶ್ನೆಯ ವಾಕ್ಯವನ್ನೇ ತಿರುಗಿಸಿ ಉತ್ತರದ ವಾಕ್ಯ ಮಾಡಿದ್ದು. ಪ್ರಶ್ನೆಯಲ್ಲಿ 'ಯಾರ್ಯಾರ' ಅಂತ ಖಾಲಿ ಬಿಟ್ಟ ಜಾಗವನ್ನು ನಡುವಿನ ಸಾಲು ತುಂಬಿಸ್ತದೆ. ಇಷ್ಟು ಕಂಡ್ರೆ ಪದ್ಯದ ಕಟ್ಟಡ ನಿಮಗೆ ಸಿಕ್ಕಿತು.

ಮತ್ತೆ ಆ ಖಾಲಿ ಜಾಗಕ್ಕೆ ಎಂತ ಬಂತು? 'ಯಾರ್ಯಾರ' ಅಂತ ಬಹುವಚನದ ಧಾಟಿಯಲ್ಲಿ ಕೇಳಿದ್ದು, ಬೆಳಿಗ್ಗೆ ಎದ್ದು ಯಾರನ್ನು ನೆನೆಯಲಿ ಅಂದ್ರೆ ಕೇಳುವವರು ದೇವರ ಹೆಸರಿನ ಸಾಲನ್ನೇ ಕಾಯ್ತಾರೆ, ಗಣಪತಿ ಸರಸ್ವತಿ ಅಂತ. ಬಂದದ್ದು ಎಳ್ಳು ಜೀರಿಗೆ! ದೇವರ ಹೆಸರು ಬರ್ಬೇಕಾದ ಜಾಗದಲ್ಲಿ ಚಿಟಿಕೆಯಲ್ಲಿ ಹಿಡಿಯುವ ಕಾಳು. ಮತ್ತೆ 'ಬೆಳೆಯೋಳ' ಅಂತ ಅವಳ ಕೆಲಸ. ಎಲ್ಲ ಆದ ಮೇಲೆ ಸಾಲಿನ ಕಡೆಗೆ ಹೆಸರು, 'ಭೂಮ್ತಾಯ'. ಈ ಕ್ರಮ ಗಮನಿಸಿ, ಮೊದಲು ಕಾಳು, ಮತ್ತೆ ಕೆಲಸ, ಕಡೆಗೆ ಹೆಸರು. ತಿರುಗಿಸಿ 'ಭೂಮ್ತಾಯಿ, ಎಳ್ಳು ಜೀರಿಗೆ ಬೆಳೆಯುವವಳು' ಅಂತ ಓದಿ ನೋಡಿ, ಪದ್ಯ ಸಪ್ಪೆ ಆಗ್ತದೆ, ಯಾಕಂದ್ರೆ ಆಗ ಅವಳು ಮೊದಲೇ ದೇವರು ಆಗಿಬಿಡ್ತಾಳೆ, ಬೆಳೆಯುದು ಅವಳಿಗೆ ಒಂದು ವಿಶೇಷಣ ಮಾತ್ರ. ಈಗಿರುವ ಕ್ರಮದಲ್ಲಿ ಬೆಳೆದದ್ದಕ್ಕಾಗಿ ಅವಳು ತಾಯಿ. ಹೀಗೆ ಪದದ ಜಾಗ ಬದಲಿಸಿ ನೋಡುದು ನನಗೆ ಗೊತ್ತಿರುವ ಅತ್ಯಂತ ಸುಲಭದ ಉಪಾಯ, ಪರೀಕ್ಷೆಯ ಹಾಲಿನಲ್ಲೂ ಮನಸ್ಸಲ್ಲೇ ಮಾಡ್ಬಹುದು, ಒಂದು ಪದ ತೆಗೆದ್ರೆ ಅಥವಾ ಆಚೀಚೆ ಮಾಡಿದ್ರೆ ಎಂತ ಹಾಳಾಗ್ತದೆ ಅಂತ ನೋಡಿ, ಹಾಳಾದದ್ದು ಯಾವುದೋ ಅದೇ ಅಲ್ಲಿಯ ಸ್ವಾರಸ್ಯ.

ಕಿವಿಗೆ ಬನ್ನಿ. ಬೆಳಗಾಗ, ಎಳ್ಳು, ಬೆಳೆಯೋಳ, ಗಳಿಗೆ, ಳಕಾರ ಇಡೀ ಪದ್ಯದಲ್ಲಿ ಓಡ್ತದೆ. ಮೊದಲ ಎರಡು ಸಾಲಿಗೆ ಎರಡನೇ ಅಕ್ಷರದ ಪ್ರಾಸ ಉಂಟು, ಬೆಳ, ಎಳ್ಳು. ಮೂರನೇ ಸಾಲಲ್ಲಿ ಅದು ಬಿಟ್ಟುಹೋಗಿ 'ಎದ್ದೊಂದು' ಬರ್ತದೆ, ಆದ್ರೆ ಆ 'ಎದ್ದು' ಮೊದಲ ಸಾಲಿನ 'ನಾನೆದ್ದು' ಜತೆ ಸೇರ್ತದೆ. ಹಾಗಾಗಿ ಕಿವಿಯೂ ನಮ್ಮನ್ನು ಮೂರನೇ ಸಾಲಿಂದ ಮೊದಲನೇ ಸಾಲಿಗೆ ಕರ್ಕೊಂಡು ಹೋಗ್ತದೆ. ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟವರು ಯಾರು ಅಂದ್ರೆ ಮಂಜೇಶ್ವರದ ಮಕ್ಕಳು ನಿದ್ದೆಯಲ್ಲೂ ಗೋವಿಂದ ಪೈ ಅಂತಾರೆ, ಒಂದು ಮಾರ್ಕಿನ ಪ್ರಶ್ನೆ ಅದು, ಆದ್ರೆ ಪ್ರಾಸ ಇದ್ದಲ್ಲಿ ಅದು ಎಂತ ಕೆಲಸ ಮಾಡ್ತದೆ ಅಂತ ಕೇಳಿದ್ರೆ ಸುಮ್ನೆ ಕೂತುಬಿಡ್ತಾರೆ, ನನಗೆ ಅದು ನಿಜವಾಗಿ ಬೇಜಾರಿನ ವಿಷಯ.

ಛಂದಸ್ಸು. ತ್ರಿಪದಿ ಅಂಶಗಣದ್ದು, ಅಂದ್ರೆ ಹಾಡುವ ಎಳೆತಕ್ಕೆ ಹೊಂದಿಕೊಳ್ಳುವ ಅಳತೆಯದ್ದು, ಒಂದನೇ ಸಾಲಿಗೆ ನಾಲ್ಕು ಗಣ, ಎರಡನೇದಕ್ಕೆ ನಾಲ್ಕು, ಮೂರನೇದಕ್ಕೆ ಮೂರು, ಆರನೇದು ಹತ್ತನೇದು ಬ್ರಹ್ಮಗಣ, ಎರಡೇ ಅಂಶದ ಗಿಡ್ಡ ಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ ತ್ರಿಪದಿ ಉಂಟು, ಅಷ್ಟು ಹಳೇ ಮಟ್ಟು. ಇದನ್ನೆಲ್ಲ ಒಂದು ಸಾಲಲ್ಲಿ ಹೇಳಿ ಬಿಟ್ರೆ ಅದು ಮಾಹಿತಿ. ವ್ಯಾಖ್ಯಾನ ಆಗ್ಬೇಕಾದ್ರೆ ಆ ಗಿಡ್ಡ ಮೂರನೇ ಸಾಲು ಇಲ್ಲಿ ಎಂತ ಮಾಡ್ತದೆ ಅಂತ ನೋಡ್ಬೇಕು. ಉದ್ದದ ಪ್ರಶ್ನೆ, ಉದ್ದದ ಹೆಸರು, ಮತ್ತೆ ಚಿಕ್ಕದಾಗಿ ತೀರ್ಮಾನ, ಒಂದು ಗಳಿಗೆ ನೆನೆದೇನ ಅಂತ. ನೆನೆಯುವ ಹೊತ್ತೂ ಚಿಕ್ಕದು, ಅದನ್ನು ಹೇಳಿದ ಸಾಲೂ ಚಿಕ್ಕದು. ಹಾಡುವಾಗ ಎರಡನೇ ಸಾಲನ್ನು ಎರಡು ಸಲ ಹೇಳುವ ಕ್ರಮ ಉಂಟು, ಆಗ ಎಳ್ಳು ಜೀರಿಗೆ ಭೂಮ್ತಾಯಿ ಎರಡು ಸಲ ಬರ್ತದೆ, ಮೂರನೇ ಸಾಲು ಇನ್ನೂ ಗಿಡ್ಡ ಕೇಳಿಸ್ತದೆ.

'ಒಂದು ಗಳಿಗೆ' ಅನ್ನುದನ್ನೂ ಎರಡು ರೀತಿ ತಕ್ಕೊಳ್ಬಹುದು. ಲೆಕ್ಕದ ಗಳಿಗೆ ಅಂದ್ರೆ 24 ನಿಮಿಷ, ಅಷ್ಟು ಹೊತ್ತು ಕೂತು ನೆನೆಯುದು ಅಂದ್ರೆ ದೊಡ್ಡ ಧ್ಯಾನವೇ ಆಯ್ತು. ಮಾತಿನ ಗಳಿಗೆ ಅಂದ್ರೆ ಒಂಚೂರು ಹೊತ್ತು, ಮತ್ತೆ ಕೆಲಸಕ್ಕೆ ಓಡ್ಬೇಕು. ನಾನು ಎರಡನೇದನ್ನು ಒಪ್ತೇನೆ, ಯಾಕಂದ್ರೆ ಇಡೀ ಪದ್ಯದ ಮಾತು ಆಡುಮಾತು, ಎಳ್ಳು ಜೀರಿಗೆಯಂಥ ಸಣ್ಣ ಅಳತೆ ಹಿಡಿದ ಪದ್ಯದಲ್ಲಿ ಹೊತ್ತಿನ ಅಳತೆಯೂ ಸಣ್ಣದಿದ್ರೆ ಸರಿ ಕೂರ್ತದೆ. ನೀವು ಮೊದಲನೇದನ್ನು ಒಪ್ಬಹುದು, ಮಾರ್ಕ್ ಕಟ್ ಆಗುದಿಲ್ಲ, ಕಾರಣ ಕೊಟ್ರೆ ಸಾಕು.

ಈಗ ಎಲ್ಲಿ ನಿಲ್ಲಿಸ್ಬೇಕು ಅನ್ನುದು. ಒಳ್ಳೆ ಓದುಗ ಮಕ್ಕಳು ಇಲ್ಲೇ ಜಾರುದು. ಎಳ್ಳು ತರ್ಪಣಕ್ಕೆ, ಜೀರಿಗೆ ಬೆಲ್ಲ ಮದುವೆಗೆ, ಹಾಗಾಗಿ ಇದು ಹುಟ್ಟು ಸಾವಿನ ಚಕ್ರ ಅಂತ ಬರೆದದ್ದು ನೋಡಿದ್ದೇನೆ. ಯೋಚನೆ ಚಂದ ಉಂಟು, ಆದ್ರೆ ಪದ್ಯದಲ್ಲಿ ಆ ಎರಡರ ಜತೆ ಇರುವ ಕ್ರಿಯೆ 'ಬೆಳೆಯೋಳ' ಮಾತ್ರ, ತರ್ಪಣದ ಸುಳಿವೂ ಇಲ್ಲ, ಮದುವೆಯ ಸುಳಿವೂ ಇಲ್ಲ. 'ಹೀಗೂ ಓದಲು ಸಾಧ್ಯವಿದೆ' ಅಂತ ಒಂದು ಸಾಲು ಹಾಕಿ ಮುಂದೆ ಹೋಗಿ, ಅದ್ರ ಮೇಲೆ ಇಡೀ ಉತ್ತರ ಕಟ್ಬೇಡಿ. ಹಾಗೇ ಇನ್ನೊಂದು. ಹೆಚ್ಚಿನವರು ಇಲ್ಲಿ 'ಜನಪದ ಗರತಿ ಬೀಸುಕಲ್ಲಿನ ಮುಂದೆ ಕೂತು' ಅಂತ ಸುರು ಮಾಡ್ತಾರೆ. ಪದ್ಯದಲ್ಲಿ ಬೀಸುಕಲ್ಲು ಎಲ್ಲಿ ಉಂಟು? 'ನಾನು' ಅಂತ ಮಾತ್ರ ಉಂಟು, ಹೆಣ್ಣಾ ಗಂಡಾ ಅಂತ ಕೂಡ ಇಲ್ಲ, 'ಬೆಳೆಯೋಳ' ಅನ್ನುದು ಭೂಮಿಗೆ ಹೇಳಿದ್ದು. ಬೀಸುವಾಗ ಕುಟ್ಟುವಾಗ ಹೆಂಗಸರು ತ್ರಿಪದಿ ಹಾಡ್ತಿದ್ರು ಅನ್ನುದು ನಮಗೆ ಹೊರಗಿಂದ ಗೊತ್ತಿರುವ ವಿಷಯ, ಅದನ್ನು ಬಳಸಿ, ಖಂಡಿತ ಬಳಸಿ, ಆದ್ರೆ ಹೊರಗಿಂದ ತಂದದ್ದು ಅಂತ ಗೊತ್ತಾಗುವ ಹಾಗೆ ಬಳಸಿ. ಒಳಗಿನ ಪುರಾವೆ ಮತ್ತೆ ಹೊರಗಿನ ಮಾಹಿತಿ ಬೇರೆ ಬೇರೆ ಅಂತ ಗೊತ್ತಿರುವ ಉತ್ತರ ಅಲ್ಲೇ ಎದ್ದು ಕಾಣ್ತದೆ.

ಇಷ್ಟನ್ನೂ ಉತ್ತರದ ಭಾಷೆಗೆ ತಂದ್ರೆ ಒಂದು ಪ್ಯಾರಾ ಹೀಗಿರ್ಬಹುದು:

'ಮೊದಲ ಸಾಲಿನ ಪ್ರಶ್ನೆಯೂ ಮೂರನೇ ಸಾಲಿನ ಉತ್ತರವೂ ಏಳುವುದು, ನೆನೆಯುವುದು ಎಂಬ ಎರಡೇ ಕ್ರಿಯೆಗಳ ಮೇಲೆ ನಿಂತಿವೆ. "ಯಾರ್ಯಾರ" ಎಂದಾಗ ನಾವು ದೇವರ ಹೆಸರುಗಳನ್ನು ಕಾಯುತ್ತೇವೆ. ಬರುವುದು ಎಳ್ಳು ಮತ್ತು ಜೀರಿಗೆ. ಕಾಳು ಮೊದಲು, ಬೆಳೆಯುವ ಕೆಲಸ ಆಮೇಲೆ, "ಭೂಮ್ತಾಯ" ಎಂಬ ಹೆಸರು ಕೊನೆಗೆ ಬರುವುದರಿಂದ ಭೂಮಿಯ ಹಿರಿಮೆ ಅವಳ ದುಡಿಮೆಯಿಂದ ಬಂದದ್ದಾಗಿ ಕಾಣುತ್ತದೆ. ಈ ನೆನೆಕೆಗೆ ಕೊಟ್ಟ ಹೊತ್ತು ಒಂದೇ ಗಳಿಗೆ, ಅದನ್ನು ಹೇಳುವ ಸಾಲು ಪದ್ಯದಲ್ಲೇ ಚಿಕ್ಕದು. ಎದ್ದು ಕೆಲಸಕ್ಕೆ ಹೋಗಬೇಕಾದವರ ಭಕ್ತಿ ಇದು ಎಂದು ಆ ಸಾಲಿನ ಗಾತ್ರವೇ ಸೂಚಿಸುತ್ತದೆ.'

ಇದ್ರಲ್ಲಿ ಒಂದು ಕಷ್ಟದ ಪದ ಇಲ್ಲ, ಕವಿ ಪರಿಚಯ ಇಲ್ಲ, ಮನೋಜ್ಞ ಇಲ್ಲ. ಪ್ರತಿ ವಾಕ್ಯಕ್ಕೂ ಕೆಳಗೆ ಪದ್ಯದ ಒಂದು ಪದ ಉಂಟು. ಉದ್ಧರಣೆ ಕೂಡ ಎರಡು ಪದ ಮಾತ್ರ, ಇಡೀ ಸಾಲನ್ನು ಇಳಿಸಿ ಜಾಗ ತುಂಬಿಸ್ಲಿಲ್ಲ.

ಈಗ ಒಳಾರ್ಥದ ವಿಷಯ. ಕವಿ ಎಲ್ಲೋ ಒಂದು ಗುಟ್ಟು ಅಡಗಿಸಿ ಇಟ್ಟಿದ್ದಾನೆ, ಮೇಷ್ಟ್ರಿಗೆ ಅದು ಗೊತ್ತುಂಟು, ನನಗೆ ಸಿಗ್ಲಿಲ್ಲ, ಹೀಗೆ ಯೋಚನೆ ಮಾಡುವ ಮಕ್ಕಳು ಪದ್ಯದ ಮೇಲ್ಮೈಯನ್ನೇ ನೋಡುದಿಲ್ಲ, ನೇರ ಆಳಕ್ಕೆ ಹಾರ್ತಾರೆ, ಅಲ್ಲಿ ಎಂತದೂ ಸಿಗದೆ ಗೈಡ್ ತೆಗೀತಾರೆ. ಮೇಲೆ ನಾವು ಮಾಡಿದ್ರಲ್ಲಿ ಗುಟ್ಟು ಎಲ್ಲಿತ್ತು ಹೇಳಿ, ಎಲ್ಲ ಪುಟದ ಮೇಲೆಯೇ ಇತ್ತು, ಪದದ ಕ್ರಮ, ಸಾಲಿನ ಉದ್ದ, ಒಂದು ಅಕ್ಷರ. ಇದಕ್ಕೆ ಎದುರಿನ ನಂಬಿಕೆಯೂ ಉಂಟು, ಸಾಹಿತ್ಯದಲ್ಲಿ ಯಾರು ಎಂತ ಹೇಳಿದ್ರೂ ಸರಿ ಅಂತ. ಅದೂ ಸುಳ್ಳು. ಪದ್ಯದ ಪದ ಒಪ್ಪದ ಅರ್ಥ ತಪ್ಪು ಅರ್ಥವೇ.

ಅಲಂಕಾರದ ಹೆಸರು ಗೊತ್ತಿದ್ರೆ ಹಾಕಿ, ಬೇಡ ಅಂತ ಹೇಳುದಿಲ್ಲ, ಪಾರಿಭಾಷಿಕ ಪದ ಸರಿಯಾಗಿ ಬಳಸಿದ್ರೆ ಒಳ್ಳೆಯದೇ. ಆದ್ರೆ 'ಇಲ್ಲಿ ರೂಪಕಾಲಂಕಾರವಿದೆ' ಅಂತ ಪೂರ್ಣವಿರಾಮ ಹಾಕ್ಬೇಡಿ. 'ಹಾಗೆ' ಅನ್ನುವ ಪದ ಬಿಟ್ಟು ಎರಡನ್ನೂ ಒಂದೇ ಅಂದದ್ರಿಂದ ಇಲ್ಲಿ ಎಂತ ಆಯ್ತು, ಉಪಮೆ ಇಟ್ಟಿದ್ರೆ ಎಂತ ಕಮ್ಮಿ ಆಗ್ತಿತ್ತು ಅಂತ ಮುಂದಿನ ಸಾಲು ಬರೀಬೇಕು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಮೂರು ನಾಲ್ಕು ಮೂರು ನಾಲ್ಕು ಅಂತ ಗೆರೆ ಎಳೆಯುದು ಎಲ್ಲರಿಗೂ ಬರ್ತದೆ. ಅದ್ರಲ್ಲಿ ಮೂರನೇ ಮತ್ತೆ ಆರನೇ ಸಾಲು 14 ಮಾತ್ರೆಯಿಂದ 23ಕ್ಕೆ ಉದ್ದ ಆಗ್ತದಲ್ಲ, ನಿಮಗೆ ಕೊಟ್ಟ ಪದ್ಯದಲ್ಲಿ ಆ ಉದ್ದದ ಸಾಲಿಗೆ ಕವಿ ಎಂತ ತಂದು ಇಟ್ಟಿದ್ದಾನೆ, ಬೈಗುಳವಾ, ನಿರ್ಧಾರವಾ, ಪಾತ್ರದ ಅಳುವಾ, ಅದನ್ನು ನೋಡಿ. ಕವಿ ಪರಿಚಯಕ್ಕೆ ಒಂದೂವರೆ ಸಾಲಿಗಿಂತ ಹೆಚ್ಚು ಬೇಡ, ಪದ್ಯಕ್ಕೆ ಬೇಕಾದ ಸಂಗತಿ ಇದ್ರೆ ಅದು ಬೇಕಾದ ಜಾಗದಲ್ಲೇ ಬರ್ಲಿ.

ಮತ್ತೆ ಉತ್ತರವನ್ನು ಕಟ್ಟುದು ಹೇಗೆ. ದಾರಿ ಬೇರೆ ಬೇರೆ ಉಂಟು, ಎಲ್ಲದಕ್ಕೂ ಅದರದ್ದೇ ಅಪಾಯ ಉಂಟು. ಸಾಲಿನಿಂದ ಸಾಲಿಗೆ ಹೋಗುದು ಸುರಕ್ಷಿತ, ಎಂತದೂ ಬಿಟ್ಟುಹೋಗುದಿಲ್ಲ, ಸಣ್ಣ ಪದ್ಯಕ್ಕೆ ಚಂದವೂ ಹೌದು. ಅಪಾಯ ಎರಡು, ಎರಡನೇ ಪ್ಯಾರಾಕ್ಕೆ ಬರುವಾಗ ಗೊತ್ತಾಗದೆ ಸಾರಾಂಶಕ್ಕೆ ಜಾರಿರ್ತೀರಿ, ಮತ್ತೆ ಉದ್ದದ ಪದ್ಯ ಆದ್ರೆ ಮೊದಲ ಎಂಟು ಸಾಲಿಗೇ ಟೈಮ್ ಮುಗೀತದೆ, ಪದ್ಯದ ಕೊನೆ ತಿರುವು, ಹೆಚ್ಚಾಗಿ ಮುಖ್ಯ ಆದದ್ದು ಅದೇ, ಬರುದೇ ಇಲ್ಲ. ಈ ದಾರಿ ಹಿಡಿದವರು ಪ್ರತಿ ಪ್ಯಾರಾದ ಮೊದಲ ವಾಕ್ಯ 'ಕವಿ ಹೇಳುತ್ತಾರೆ' ಅಂತ ಸುರುವಾಗದ ಹಾಗೆ ನೋಡಿಕೊಂಡ್ರೆ ಅರ್ಧ ಅಪಾಯ ತಪ್ಪಿತು. ಎರಡನೇದು ವಿಷಯ ಬಿಡಿಸಿ ಬರೆಯುದು, ಯಾರು ಯಾರಿಗೆ ಹೇಳ್ತಿದ್ದಾರೆ, ಚಿತ್ರಗಳು ಯಾವುದು, ನಾದ ಲಯ ಹೇಗೆ ಅಂತ. ನೋಡ್ಲಿಕ್ಕೆ ಅಚ್ಚುಕಟ್ಟು, ಮಾರ್ಕ್ ಹಾಕುವವರಿಗೂ ಸುಲಭ, ಹೆಚ್ಚಿನ ಟೀಚರ್‌ಗಳು ಇದನ್ನೇ ಕಲಿಸ್ತಾರೆ. ಆದ್ರೆ ಪದ್ಯ ತುಂಡು ತುಂಡಾಗಿ ಬೀಳ್ತದೆ, ನಾದಕ್ಕೂ ಅರ್ಥಕ್ಕೂ ಸಂಬಂಧ ಹೇಳದೆ ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಇಟ್ಟುಬಿಡ್ತೇವೆ, ಒಂದೇ ಮಾತು ಮೂರು ಸಲ ಬರ್ತದೆ.

ನನಗೆ ಇಷ್ಟದ ದಾರಿ ಮೂರನೇದು. ಪದ್ಯದಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಗಂಟು ಹಿಡಿಯಿರಿ, ದೇವರು ಬರ್ಬೇಕಾದಲ್ಲಿ ಜೀರಿಗೆ ಯಾಕೆ ಬಂತು ಅನ್ನುವ ಥರದ್ದು, ಅದನ್ನೇ ಮೊದಲ ಪ್ಯಾರಾದಲ್ಲಿ ಇಟ್ಟು ಉಳಿದ ಉತ್ತರ ಇಡೀ ಅದನ್ನು ಬಿಡಿಸ್ತಾ ಹೋಗಿ. ಹೀಗೆ ಬರೆದ ಉತ್ತರಕ್ಕೆ ಒಂದು ಓಟ ಇರ್ತದೆ, ಕಟ್ಟಿನ ನಡುವೆ ಅಂಥದೊಂದು ಸಿಕ್ಕಿದ್ರೆ ಓದುವವರು ನೆಟ್ಟಗೆ ಕೂರ್ತಾರೆ. ಅಪಾಯವೂ ಇದಕ್ಕೇ ಹೆಚ್ಚು. ಗಂಟು ಗಟ್ಟಿ ಇಲ್ಲದಿದ್ರೆ ಅರ್ಧದಲ್ಲಿ ಹೇಳ್ಲಿಕ್ಕೆ ಎಂತದೂ ಇರುದಿಲ್ಲ, ಆಗ ಇಲ್ಲದ ಅರ್ಥವನ್ನು ಎಳೆದು ತರುವ ಆಸೆ ಹುಟ್ತದೆ. ಹಾಗಾಗಿ ಬರೆಯುವ ಮೊದಲು ರಫ್ ಪುಟದಲ್ಲಿ ನಿಮ್ಮ ಗಂಟಿಗೆ ಸಂಬಂಧಪಟ್ಟ ಪದ್ಯದ ಪದಗಳನ್ನು ಬರೆದು ನೋಡಿ, ಮೂರು ನಾಲ್ಕು ಕಡೆಯಿಂದ ಪದ ಸಿಕ್ಕಿದ್ರೆ ಹೊರಡಿ, ಒಂದೇ ಪದ ಸಿಕ್ಕಿದ್ರೆ ಸಾಲಿನಿಂದ ಸಾಲಿಗೆ ಹೋಗುದೇ ಒಳ್ಳೆಯದು.

ಸ್ತ್ರೀವಾದ, ದಲಿತ ದೃಷ್ಟಿ, ಪರಿಸರ ಅಂತ ಒಂದು ಸಿದ್ಧಾಂತ ಹಿಡಿದು ಓದುವವರೂ ಇದ್ದಾರೆ. ಬಿಎಯಲ್ಲಿ ಅದನ್ನು ಕಲಿತಿದ್ದೀರಿ, ಬೇಡ ಅನ್ನುದಿಲ್ಲ, ಕೆಲವು ಪದ್ಯ ಹಾಗೆ ಓದಿದ್ರೆ ಮಾತ್ರ ಬಾಯಿ ಬಿಡ್ತದೆ. ಆದ್ರೆ ಸಿದ್ಧಾಂತಕ್ಕೆ ಪದ್ಯ ಉದಾಹರಣೆ ಆಗಿಬಿಡ್ತದೆ, ಅದೇ ಉತ್ತರವನ್ನು ಬೇರೆ ಪದ್ಯಕ್ಕೂ ಅಂಟಿಸ್ಬಹುದು ಅಂತಾದ್ರೆ ಎಲ್ಲೋ ತಪ್ಪಿತು ಅಂತ ಲೆಕ್ಕ.

ಗದ್ಯಭಾಗ ಕೊಟ್ರೆ ಕೆಲಸ ಇದೇ, ನೋಡುವ ಜಾಗ ಮಾತ್ರ ಬೇರೆ. ಕಥೆ ಹೇಳುವವರು ಯಾರು, ಅವರಿಗೆ ಎಷ್ಟು ಗೊತ್ತುಂಟು, ವಾಕ್ಯ ಎಲ್ಲಿ ಗಿಡ್ಡ ಆಯ್ತು, ಸಂಭಾಷಣೆ ಬರ್ಬೇಕಾದಲ್ಲಿ ವರದಿ ಮಾಡಿ ಬಿಟ್ಟದ್ದು ಎಲ್ಲಿ, ಹೇಳದೆ ಬಿಟ್ಟದ್ದು ಎಂತ. ಹಳಗನ್ನಡ ಆದ್ರೆ ಅನ್ವಯವನ್ನು ರಫ್ ಪುಟದಲ್ಲಿ ಮಾಡಿ ಮುಗಿಸಿ, ಅದು ತಪ್ಪಿದ್ರೆ ಮತ್ತೆ ಬರೆದದ್ದೆಲ್ಲ ತಪ್ಪು. ಮತ್ತೆ ಪದ್ಯಕ್ಕೆ ಅನ್ವಯ ಮಾಡಿದ ಮೇಲೆ ಕವಿ ಇಟ್ಟ ಮೂಲ ಕ್ರಮಕ್ಕೆ ವಾಪಸ್ ಬನ್ನಿ, ನೀವು ನೆಟ್ಟಗೆ ಮಾಡಿಕೊಂಡ ಪದಗಳನ್ನು ಕವಿ ಯಾಕೆ ಆ ಜಾಗದಲ್ಲಿ ಇಟ್ಟಿದ್ದ ಅನ್ನುದೇ ಅರ್ಧ ವ್ಯಾಖ್ಯಾನ. ವಿಮರ್ಶಾತ್ಮಕ ಅಂದ ಕೂಡ್ಲೆ ಎಂತಾದ್ರೂ ದೋಷ ಹುಡುಕ್ಲೇಬೇಕು ಅಂತಲೂ ಇಲ್ಲ, ಸಡಿಲ ಕಂಡ ಸಾಲು ಇದ್ರೆ ಕಾರಣದ ಜತೆ ಹೇಳಿ, ಕಾಣದಿದ್ರೆ ಬಿಡಿ.

ಗೈಡ್ ವಿಷಯ. ಶಬ್ದಾರ್ಥಕ್ಕೆ, ಸಂದರ್ಭಕ್ಕೆ ನೋಡಿ, ಎಂತದೂ ತೊಂದರೆ ಇಲ್ಲ. ವ್ಯಾಖ್ಯಾನವನ್ನು ಮಾತ್ರ ನಿಮ್ಮದು ಬರೆದ ಮೇಲೆ ನೋಡಿ. ಮೊದಲೇ ನೋಡಿದ್ರೆ ನಿಮ್ಮ ಕಣ್ಣಿಗೆ ಅದೇ ಮೂರು ಪಾಯಿಂಟ್ ಕಾಣುದು, ಬೇರೆ ಕಾಣುದಿಲ್ಲ. ಫೋನಲ್ಲಿ ಎಐಗೆ ಹಾಕಿ ತೆಗೆಯುದಕ್ಕೂ ಇದೇ ಮಾತು, ಅದ್ರ ಮೇಲೆ ಇಲ್ಲದ ಸಾಲನ್ನು ಪದ್ಯದಲ್ಲಿ ಉಂಟು ಅಂತ ಅದು ತಂದುಕೊಡುವ ಅಪಾಯವೂ ಉಂಟು, ಅದನ್ನು ಪುಸ್ತಕ ತೆರೆದು ನೋಡದೆ ಬರೆದ್ರೆ ಕೈಗೆ ಸಿಕ್ಕಿಬೀಳ್ತೀರಿ.

ಪರೀಕ್ಷೆಯಲ್ಲಿ ಟೈಮ್ ಕಮ್ಮಿ, ಒಪ್ತೇನೆ. ಒಂದು ಉತ್ತರಕ್ಕೆ ಅರ್ಧ ಗಂಟೆ ಸಿಕ್ಕಿದ್ರೆ ಮೊದಲ ಎಂಟು ಹತ್ತು ನಿಮಿಷ ಬರೀಬೇಡಿ, ಪದ್ಯವನ್ನು ತುಟಿ ಅಲ್ಲಾಡಿಸಿ ಎರಡು ಸಲ ಓದಿ, ಎಡವಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಆ ಗುರುತುಗಳಲ್ಲಿ ಒಂದಕ್ಕೊಂದು ಸಂಬಂಧ ಇರುವ ಮೂರನ್ನು ಆರಿಸಿ ಬರೀಲಿಕ್ಕೆ ಸುರು ಮಾಡಿ. ಪಕ್ಕದವರು ಎರಡನೇ ಪುಟ ತಿರುಗಿಸುದು ನೋಡಿ ಗಡಿಬಿಡಿ ಆಗ್ತದೆ, ಆಗ್ಲಿ, ಅವರು ಕವಿ ಪರಿಚಯದಲ್ಲಿದ್ದಾರೆ.

ಇನ್ನು 'ನನಗೆ ಅನಿಸ್ತದೆ' ಅನ್ನುದು. ಒಂದು ಕಡೆ ಬಂದ್ರೆ ಮಾರ್ಕ್ ಕತ್ತರಿಸುವವರು ಕಮ್ಮಿ, ಆದ್ರೂ ಕೆಲವರು ಇದ್ದಾರೆ, ಅವರಿಗೆ ಅದು ಉಡಾಫೆ ಥರ ಕಾಣ್ತದೆ. ನಿಜವಾದ ತೊಂದರೆ 'ನಾನು' ಅನ್ನುದ್ರಲ್ಲಿ ಇಲ್ಲ, ಅನಿಸ್ತದೆ ಅಂತ ಹೇಳಿ ಕಾರಣ ಕೊಡದೆ ಬಿಡುದ್ರಲ್ಲಿ. 'ಈ ಪದದಿಂದ ಹೀಗೆ ಓದಬಹುದು', 'ಸಾಲಿನ ಈ ಕ್ರಮ ಹೀಗೆ ಸೂಚಿಸುತ್ತದೆ' ಅಂತ ಬರೆದ್ರೆ ಅಭಿಪ್ರಾಯ ನಿಮ್ಮದೇ ಉಳೀತದೆ, ಜವಾಬ್ದಾರಿ ಪದ್ಯದ ಪದಕ್ಕೆ ಹೋಗ್ತದೆ. ಯೂನಿವರ್ಸಿಟಿ ಪರೀಕ್ಷೆಗೆ ಪೇಪರ್ ಯಾರ ಕೈಗೆ ಹೋಗ್ತದೆ ಅಂತ ಗೊತ್ತಿಲ್ಲದ ಕಾರಣ ಹೀಗೇ ಬರೀರಿ. ಕಾಲೇಜಿನ ಅಸೈನ್‌ಮೆಂಟಿಗೆ ನಿಮ್ಮ ಸರ್ ಹತ್ರವೇ ಕೇಳಿ, 'ವ್ಯಾಖ್ಯಾನ ಎಲ್ಲಿ' ಅಂತ ಕೇಳುವಷ್ಟು ಓದಿ ನೋಡುವವರು 'ನಾನು' ಬೇಡ ಅನ್ಲಿಕ್ಕಿಲ್ಲ. ಆ ಮೂರು ಪುಟ ಹೇಗೂ ನಿಮ್ಮ ಹತ್ರ ಉಂಟಲ್ಲ, ಅದ್ರಿಂದ ಪದ್ಯದ ಪದ ತೋರಿಸಿ ಹೇಳಿದ ವಾಕ್ಯಗಳಿಗೆ ಮಾತ್ರ ಅಡಿಗೆರೆ ಹಾಕಿ, ಎಷ್ಟು ಉಳೀತದೋ ಅಷ್ಟರಿಂದ ಇನ್ನೊಮ್ಮೆ ಬರೆದು ಅವರಿಗೇ ತೋರಿಸಿ.